ಕಿಟ್ಟದ ಗೋಡೆ

ಜನವರಿ 11, ಶನಿವಾರ

ನಮ್ಮ ಬ್ಲಾಕು ಇವತ್ತು ಸಿಮೆಂಟಿನ ಬ್ಲಾಕನ್ನು ಸೋಲಿಸಿತು. ಒತ್ತುವ ಯಂತ್ರದ ದವಡೆಯಲ್ಲಿ ಎರಡನ್ನೂ ಒಂದಾದ ಮೇಲೊಂದು ಇಟ್ಟೆವು. ಸಿಮೆಂಟಿನದು ಸದ್ದು ಮಾಡಿ ಸೀಳಿತು. ನಮ್ಮದು, ಮುಳ್ಳು ಸಿಮೆಂಟಿನದು ಸೀಳಿದ ಗೆರೆಯನ್ನು ದಾಟಿ ಹೋದರೂ ಜಪ್ಪಯ್ಯ ಎನ್ನಲಿಲ್ಲ. ಮೇಸ್ತ್ರಿ ಯಂತ್ರದ ಬೆನ್ನು ತಟ್ಟಿದ, ಅದೇನೋ ಗೆದ್ದು ಬಂದ ಕುದುರೆ ಎಂಬಂತೆ.

ಸಿಮೆಂಟು ಬೇಕಾದರೆ ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಡಬೇಕು. ಸುಟ್ಟಷ್ಟೂ ಆಕಾಶಕ್ಕೆ ಇಂಗಾಲ. ನಮ್ಮದಕ್ಕೆ ಗೂಡು ಬೇಡ. ಉಕ್ಕಿನ ಕಾರ್ಖಾನೆ ಕಸವೆಂದು ಬಿಸಾಡುವ ಕಿಟ್ಟವನ್ನು ಹಿಟ್ಟಿನಂತೆ ಅರೆದು, ವಿದ್ಯುತ್ ಸ್ಥಾವರದ ಹಾರುಬೂದಿ ಸೇರಿಸಿ, ಕ್ಷಾರದ ನೀರಿನಲ್ಲಿ ಕಲಸಿ ಅಚ್ಚಿಗೆ ಹಾಕಿದರೆ ಅದು ತಾನಾಗಿ ಕಲ್ಲಾಗುತ್ತದೆ. (ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದ ಚಟ. ಕೆಲಸ ಬಿಟ್ಟು ವರ್ಷಗಳಾದರೂ ದಿನಚರಿಗೆ ಪಾಠ ಮಾಡುತ್ತಿದ್ದೇನೆ.)

ಸಂಜೆ ತಂಗಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಳು. ಸೀಳದ ಬ್ಲಾಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಕಸದಿಂದ ರಸ ತೆಗೆದುಬಿಟ್ಟೆ ಕಣೇ ಅಕ್ಕ. ನಮ್ಮ ಆಸ್ಪತ್ರೆ ಹೊಸ ಕಟ್ಟಡಕ್ಕೆ ಇದನ್ನೇ ಹಾಕಿಸ್ತೀನಿ, ನೋಡ್ತಾ ಇರು. ದೊಡ್ಡ ಡಾಕ್ಟರು ಒಪ್ಪದಿದ್ರೆ ಅವರ ಮೇಜಿನ ಮೇಲೆ ತಂದು ಕುಕ್ಕಿ ಬರ್ತೀನಿ."

"ಮೇಜು ಮುರಿದೀತು."

"ಮುರೀಲಿ. ಮೇಜೂ ನೀನೇ ಮಾಡ್ಕೊಡು."

ಅವಳು ಉಕ್ಕಿನ ಕಾರ್ಖಾನೆಯ ಗೋಡೆಗೆ ಅಂಟಿದ ಆಸ್ಪತ್ರೆಯ ನರ್ಸು. ಮಗಳು ಪುಟ್ಟಿಯೊಂದಿಗೆ ಅದರ ಹಿಂದಿನ ಕಿಟ್ಟದ ಓಣಿಯಲ್ಲಿ ಇರುತ್ತಾಳೆ. ನಾನು ಬ್ಲಾಕು ಮಾಡುವ ಈ ಅಂಗಳದ ಕಚೇರಿಯ ಮೇಲಿನ ಕೋಣೆಯಲ್ಲಿ. ನಮ್ಮ ಸಂಸಾರ ಇಷ್ಟೇ. ಕಾರ್ಖಾನೆಯ ಚಿಮಣಿಯ ವಿಷದ ವಿರುದ್ಧ ಅರ್ಜಿ ಹಾಕಿ ಹಾಕಿ ನಮ್ಮಿಬ್ಬರ ಹೆಸರು ಎಲ್ಲ ಕಚೇರಿಯ ಗುಮಾಸ್ತರಿಗೂ ಬಾಯಿಪಾಠ. ಕಾರ್ಖಾನೆಯ ಮ್ಯಾನೇಜರನಿಗೆ ನಾವು ಬೆಣ್ಣೆ ಎಂದು ಹೆಸರಿಟ್ಟಿದ್ದೇವೆ. ಅವನ ಮಾತು ಹಾಗೆ, ಗಂಟಲಲ್ಲಿ ಇಳಿದದ್ದೇ ತಿಳಿಯುವುದಿಲ್ಲ.

ಫೆಬ್ರವರಿ 4, ಮಂಗಳವಾರ

ತಂಗಿ ಗೇಟಿನಿಂದಲೇ ಕೂಗುತ್ತ ಓಡಿಬಂದಳು. "ಅಕ್ಕ, ಗೆದ್ವಿ! ಕುಲುಮೆ ಮುಚ್ತಾರೆ!"

ಮಾಲಿನ್ಯ ಮಂಡಳಿಯ ಆದೇಶ ಬಂದಿದೆ. ಹಳೆಯ ಕುಲುಮೆ ಆರಿಸಬೇಕು. ಬೇಕಿದ್ದರೆ ಕರೆಂಟಿನ ಕುಲುಮೆ ಹಾಕಿ ಗುಜರಿ ಕಬ್ಬಿಣ ಕರಗಿಸಿಕೊಳ್ಳಲಿ. ಅಂತಿಮ ಮಾಡುವ ಮುನ್ನ ಏಪ್ರಿಲ್‌ನಲ್ಲಿ ಬಹಿರಂಗ ವಿಚಾರಣೆ. ಇಬ್ಬರೂ ತಬ್ಬಿಕೊಂಡು ಕುಣಿದೆವು. ಅಚ್ಚು ತೊಳೆಯುತ್ತಿದ್ದ ಹೆಂಗಸರು ನಗಲಿಲ್ಲ. ಅವರೆಲ್ಲ ಓಣಿಯವರೇ, ಅವರ ಮಕ್ಕಳಿಗೂ ಕೆಮ್ಮು. ಆದರೂ ಕೈ ನಿಲ್ಲಿಸಿ ನಮ್ಮನ್ನೇ ನೋಡಿದರು.

ಮೇಸ್ತ್ರಿ ಕೇಳಿದ. "ಕುಲುಮೆ ನಿಂತ್ರೆ ನಮ್ಗೆ ಕಿಟ್ಟ ಎಲ್ಲಿಂದ ಬರುತ್ತೆ ಮೇಡಂ?"

ತಂಗಿ ಕಿಟಕಿಯತ್ತ ಕೈ ಮಾಡಿದಳು. "ಅಲ್ಲಿ ಗುಡ್ಡವೇ ಬಿದ್ದಿದೆಯಲ್ಲ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ."

ನಾನು ಆಗ ಏನೂ ಹೇಳಲಿಲ್ಲ. ಗುಡ್ಡದಲ್ಲಿರುವುದು ನಿಧಾನವಾಗಿ ತಣಿದು ಸತ್ತ ಕಿಟ್ಟ. ಅರೆದರೂ ಮಣ್ಣು, ಕಲಸಿದರೂ ಮಣ್ಣು. ನನಗೆ ಬೇಕಾದದ್ದು ಕೆಂಪಗೆ ಹರಿದು ಬರುವಾಗಲೇ ನೀರು ಹೊಡೆದು ಮರಳಾಗಿಸಿದ್ದು. ಅದರಲ್ಲಿ ಮಾತ್ರ ಜೀವ ಉಳಿದಿರುತ್ತದೆ. ಅದು ಉರಿಯುವ ಕುಲುಮೆಯಿಂದಲೇ ಬರಬೇಕು.

ಇರಲಿ. ಕರೆಂಟಿನ ಕುಲುಮೆಗೂ ಕಿಟ್ಟ ಇರುತ್ತದಲ್ಲ. ಗೆದ್ದ ದಿನ ಇಷ್ಟು ಯೋಚಿಸಬಾರದು.

ಫೆಬ್ರವರಿ 24, ಸೋಮವಾರ

ಬೇರೆ ಊರಿನಿಂದ ಕರೆಂಟಿನ ಕುಲುಮೆಯ ಕಿಟ್ಟ ತರಿಸಿ ಬ್ಲಾಕು ಮಾಡಿದ್ದೆವು. ಅಚ್ಚಿನಿಂದ ಬಂದಾಗ ನೋಡಲು ಚಂದ. ಇವತ್ತು ಬೆಳಿಗ್ಗೆ ಹಲಗೆಯ ಮೇಲೆ ಒಂದೊಂದೂ ಹಣ್ಣಾದ ಹತ್ತಿಕಾಯಿಯ ಹಾಗೆ ಬಿರಿದು ಬಿದ್ದಿದ್ದವು. ಒಳಗೆ ಉಳಿದ ಸುಣ್ಣ ನೀರು ಕುಡಿದು ಉಬ್ಬಿದೆ. ಕ್ಷಾರ ಹೆಚ್ಚು ಮಾಡಿ ನೋಡಿದೆ, ಬೂದಿ ಹೆಚ್ಚು ಮಾಡಿ ನೋಡಿದೆ, ಮೊದಲೇ ನೆನೆಸಿಟ್ಟು ನೋಡಿದೆ. ಒಂದರದು ಮೂಲೆ ಹೋಯಿತು, ಒಂದರದು ಹೊಟ್ಟೆ.

ಆಸ್ಪತ್ರೆಯ ಹೊಸ ಕಟ್ಟಡ ನಮ್ಮ ಬ್ಲಾಕಿನಲ್ಲೇ ಕಿಟಕಿಯ ಮಟ್ಟಕ್ಕೆ ಬಂದಿದೆ. ತಂಗಿ ದೊಡ್ಡ ಡಾಕ್ಟರ ಮೇಜಿನ ಮೇಲೆ ನಿಜಕ್ಕೂ ಬ್ಲಾಕು ಕುಕ್ಕಿದ್ದಳಂತೆ.

ಮೇಸ್ತ್ರಿ ಚೂರುಗಳನ್ನು ಗುಡಿಸುತ್ತ, "ಕಿಟಕಿವರೆಗೂ ಆಗಿದೆಯಲ್ಲ ಮೇಡಂ, ರೋಗಿಗಳು ಆಚೆ ನೋಡ್ಕೊಂಡಿರ್ತಾರೆ, ಬಿಡಿ" ಎಂದ. ಅವನಿಗೆ ಬೈದೆ. ಆಮೇಲೆ ನಾನೇ ನಕ್ಕೆ. ಆಮೇಲೆ ನಗು ಬರಲಿಲ್ಲ.

ಮಾರ್ಚ್ 2, ಭಾನುವಾರ

ತಂಗಿಯ ಮನೆಯಲ್ಲಿ ಊಟ. ಪುಟ್ಟಿ ತನ್ನ ಎದೆಯೊಳಗಿನ ಸಿಳ್ಳಿಗೆ ಬೆಕ್ಕು ಎನ್ನುತ್ತಾಳೆ. ಇವತ್ತು ಬಟ್ಟಲ ಮುಂದೆ ಕೂತವಳು ಸುಮ್ಮನಾಗಿ, "ದೊಡ್ಡಮ್ಮ, ಬೆಕ್ಕು ಬಂತು" ಎಂದಳು. ಅಷ್ಟು ಹೇಳುವುದರೊಳಗೆ ತುಟಿ ನೀಲಿ. ತಂಗಿ ಔಷಧಿಯ ಪಂಪು ಬಾಯಿಗೆ ಇಟ್ಟಳು, ಬೆನ್ನು ನೇರ ಹಿಡಿದಳು, "ಎಳ್ಕೊ, ನಿಧಾನ, ಇನ್ನೊಂದ್ಸಲ" ಎಂದಳು. ಅವಳ ದನಿ ನಡುಗಲಿಲ್ಲ. ಪುಟ್ಟಿ ಸುಧಾರಿಸಿಕೊಂಡು ನನಗೇ ಸಮಾಧಾನ ಹೇಳಿದಳು: "ಹೋಯ್ತು ದೊಡ್ಡಮ್ಮ, ಹೆದರ್ಬೇಡ. ಅದು ಕಚ್ಚಲ್ಲ."

ಅವಳು ಮಲಗಿದ ಮೇಲೆ ಬಾಯಿ ಬಿಟ್ಟೆ. "ಮುಚ್ಚೋ ಬದಲು ಚಿಮಣಿಗೆ ಒಳ್ಳೆ ಜರಡಿ ಹಾಕಿಸೋ ಹಾಗೆ ಕೇಳಿದ್ರೆ ಹೇಗೆ?"

"ಹತ್ತು ವರ್ಷದಿಂದ ಹಾಕಿಸ್ತೀನಿ ಅಂತಾನೇ ಇದಾನಲ್ಲ ಬೆಣ್ಣೆ. ಇದೇನು ಅಕ್ಕ, ಅವನ ಮಾತು ನಿನ್ನ ಬಾಯಲ್ಲಿ?"

"ಅಂಗಳದ ಹೆಂಗಸರು ಎಲ್ಲಿ ಹೋಗ್ಬೇಕು? ನಿನ್ನ ಆಸ್ಪತ್ರೆ ಗೋಡೆ ಅರ್ಧಕ್ಕೆ ನಿಲ್ಲುತ್ತೆ."

"ಸಿಮೆಂಟ್ ಹಾಕಿ ಮುಗಿಸ್ಲಿ."

ಎಷ್ಟು ಸಲೀಸಾಗಿ ಹೇಳಿದಳು! ಸಿಮೆಂಟ್ ಹಾಕಿ ಮುಗಿಸ್ಲಿ. ನನ್ನ ಇಷ್ಟು ವರ್ಷದ ಕೆಲಸ ಅವಳಿಗೆ ಅಂಗಡಿಯಿಂದ ತರಬಹುದಾದ ಚೀಲ. ಜಗತ್ತೇ ಸಿಮೆಂಟಿನ ಗೂಡಿನಿಂದ ಬಿಸಿಯಾಗುತ್ತಿದೆ, ಇವಳಿಗೆ ತನ್ನ ಓಣಿಯ ಆಚೆ ಕಾಣುವುದಿಲ್ಲ. ಎದ್ದು ಬಂದೆ.

ಮಾರ್ಚ್ 13, ಗುರುವಾರ

ಬೆಣ್ಣೆ ಬಂದಿದ್ದ. ಕುರ್ಚಿ ಕೊಟ್ಟರೂ ಬೇಡವೆಂದು ನಮ್ಮ ಬ್ಲಾಕಿನ ಮೇಲೇ ಕೂತ. ಬಿಳಿ ಪ್ಯಾಂಟು. ಲೆಕ್ಕಿಸಲಿಲ್ಲ.

"ಇದು ನಮ್ಮ ಕಸ ಅಂದ್ರೆ ನಂಬೋಕಾಗಲ್ಲ ಮೇಡಂ. ನಾವು ಗುಡ್ಡ ಮಾಡಿದ್ವಿ, ನೀವು ಗೋಡೆ ಮಾಡಿದ್ರಿ."

ಯಾವ ಕಾಲೇಜೂ, ಯಾವ ಮಂಡಳಿಯೂ ಈ ಮಾತನ್ನು ನನಗೆ ಹೇಳಿರಲಿಲ್ಲ. ಅವನು ಕೇಳಿದ ಪ್ರಶ್ನೆಗಳು ದಡ್ಡ ಪ್ರಶ್ನೆಗಳಲ್ಲ. ಕ್ಷಾರ ಎಷ್ಟು ಹೊತ್ತು ಹಿಡಿಯುತ್ತದೆ, ಮಳೆಗೆ ಏನಾಗುತ್ತದೆ ಎಂದೆಲ್ಲ ಕೇಳಿದ. ಪರೀಕ್ಷೆಯ ಯಂತ್ರ ನೋಡಿದ, ಬಿರಿದ ಬ್ಲಾಕನ್ನು ಎತ್ತಿ ಹಿಡಿದು ನಿಜವಾಗಿ ನೊಂದುಕೊಂಡ.

"ಕುಲುಮೆ ಉಳಿದ್ರೆ ಕಿಟ್ಟ ನಿಮಗೇ ಕೊಡ್ತೀನಿ. ವಿಚಾರಣೇಲಿ ನೀವು ಬಂದು ನಾಲ್ಕು ಮಾತು ಹೇಳ್ಬೇಕು. ಸುಳ್ಳು ಹೇಳಿ ಅನ್ನಲ್ಲ, ನನ್ನ ನಾಲಿಗೆ ಬಿದ್ದುಹೋಗ್ಲಿ. ನಿಮಗೆ ಗೊತ್ತಿರೋದನ್ನ ಹೇಳಿ, ಸಾಕು. ಗೊತ್ತಿಲ್ಲದ್ದನ್ನ ಹೇಳ್ಬೇಡಿ, ಅಷ್ಟೇ."

"ನನ್ನ ತಂಗಿ ಆ ಕಡೆ ಇದಾಳೆ."

"ಇರ್ಲಿ ಮೇಡಂ. ಅವರು ನರ್ಸು, ಅವರ ಕಣ್ಣಿಗೆ ರೋಗಿ ಕಾಣ್ತಾರೆ. ನೀವು ವಿಜ್ಞಾನಿ."

ಹೋದ ಮೇಲೆ ಮೇಸ್ತ್ರಿಯನ್ನು ಕೇಳಿದೆ. ಅವನ ಮನೆಯೂ ಓಣಿಯಲ್ಲೇ, ಅವನ ಹೆಂಡತಿಗೂ ದಮ್ಮು. ಅವನು ಗುದ್ದಲಿ ಒರಗಿಸಿ ನಿಂತು ಹೇಳಿದ: "ಕೆಮ್ಮಿಕೊಂಡು ಉಣ್ಬಹುದು ಮೇಡಂ. ಉಣ್ಣದೆ ಬರೀ ಕೆಮ್ಮೋಕಾಗಲ್ಲ."

ಇದಕ್ಕಿಂತ ಹೆಚ್ಚು ಏನು ಬೇಕು? ಓಣಿಯವನೇ ಹೇಳುತ್ತಿದ್ದಾನೆ.

ಮಾರ್ಚ್ 27, ಗುರುವಾರ

ತಂಗಿ ಬಂದು ಸಾಕ್ಷಿ ಹೇಳುವವರ ಪಟ್ಟಿಯಲ್ಲಿ ನನ್ನ ಹೆಸರು ಯಾಕೆ ಕಾರ್ಖಾನೆಯ ಕಡೆ ಇದೆ ಎಂದು ಕೇಳಿದಳು. ಬ್ಲಾಕಿನ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದೆ. "ಸರಿ. ಬ್ಲಾಕಿನ ಬಗ್ಗೆ ಮಾತ್ರ" ಎಂದು ಹೋದಳು. ಕಾಫಿ ಕುಡಿಯಲಿಲ್ಲ.

ಏಪ್ರಿಲ್ 8, ಮಂಗಳವಾರ

ವಿಚಾರಣೆ ಮುಗಿಯಿತು. ಸಭಾಂಗಣ ಕಿಕ್ಕಿರಿದಿತ್ತು. ಫ್ಯಾನುಗಳು ತಿರುಗಿದವೇ ಹೊರತು ಗಾಳಿ ಬರಲಿಲ್ಲ. ಒಂದು ಕಡೆ ಓಣಿಯ ತಾಯಂದಿರು, ಇನ್ನೊಂದು ಕಡೆ ಕಾರ್ಖಾನೆಯ ಕೆಲಸಗಾರರು. ಎಷ್ಟೋ ಮನೆಗಳ ಗಂಡ ಆ ಕಡೆ, ಹೆಂಡತಿ ಈ ಕಡೆ.

ತಂಗಿ ಮೊದಲು ಮಾತಾಡಿದಳು. ಚೆನ್ನಾಗಿ ಮಾತಾಡಲಿಲ್ಲ. ಕಾಗದ ನೋಡಿ ತಡವರಿಸಿದಳು, ಕೊನೆಗೆ ಕಾಗದ ಮಡಚಿ ಹೇಳಿದಳು: "ಸರ್, ನಮ್ಮ ಓಣೀಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡಲ್ಲ. ಅಡಗಿಕೊಂಡ್ರೂ ಉಸಿರಿನ ಸದ್ದಿಗೆ ಸಿಕ್ಕಿಬೀಳ್ತಾರೆ." ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಆಮೇಲೆ ನಾನು. ನನಗೆ ಮಾತು ಕಷ್ಟವಲ್ಲ, ಎಷ್ಟು ತರಗತಿಗಳನ್ನು ಆಳಿದವಳು! ಎರಡು ಬ್ಲಾಕು ಮೇಜಿನ ಮೇಲೆ ಇಟ್ಟೆ. ಈ ಕುಲುಮೆಯಿಂದ ಬರುವುದು ಕಸವಲ್ಲ, ಸಿಮೆಂಟಿಗೆ ಬದಲಿ, ಒಂದು ಗೂಡಿನ ಬೆಂಕಿಯನ್ನೇ ಉಳಿಸುವ ವಸ್ತು ಎಂದೆ. ಕುಲುಮೆ ಆರಿದರೆ ಇದೂ ಆರುತ್ತದೆ ಎಂದೆ. ಮಂಡಳಿಯ ಅಧಿಕಾರಿ ಬ್ಲಾಕನ್ನು ಎತ್ತಿ ನೋಡಿ ತಲೆದೂಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಕೇಳಿದರು:

"ಮೇಡಂ, ನೀವು ರಸಾಯನಶಾಸ್ತ್ರ ಬಲ್ಲವರು. ಈ ಮಕ್ಕಳ ಉಬ್ಬಸಕ್ಕೆ ಚಿಮಣಿ ಹೊಗೆಯೇ ಕಾರಣ ಅಂತ ಹೇಳ್ತೀರಾ?"

ತಂಗಿ ಎದುರು ಸಾಲಿನಲ್ಲಿದ್ದಳು. ನಾನು ಅವಳತ್ತ ನೋಡಲಿಲ್ಲ. ನೋಡಬಾರದು, ಉತ್ತರಕ್ಕೆ ಭಾವನೆ ಸೇರಿಕೊಳ್ಳುತ್ತದೆ.

"ಖಚಿತವಾಗಿ ಹಾಗಂತ ಹೇಳೋಕಾಗಲ್ಲ" ಎಂದೆ. "ಧೂಳು ಬೇರೆ ಕಡೆಯಿಂದಲೂ ಬರುತ್ತೆ. ಒಲೆ ಹೊಗೆ ಇದೆ, ವಾಹನಗಳಿವೆ. ಅಧ್ಯಯನ ಆಗ್ಬೇಕು."

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಲಿ. ವಿಜ್ಞಾನ ಓದಿದವಳು ತಿಳಿದದ್ದಕ್ಕಿಂತ ಹೆಚ್ಚು ಹೇಳಬಾರದು. ಅಷ್ಟು ಜನರ ನಡುವೆ ನಾನು ಸಂಯಮ ಕಾಯ್ದುಕೊಂಡೆ.

ಹೊರಗೆ ಮೆಟ್ಟಿಲ ಮೇಲೆ ತಂಗಿ ಕಾಯುತ್ತಿದ್ದಳು. ಕೂಗಾಡಲಿಲ್ಲ.

"ಬ್ಲಾಕಿನ ಬಗ್ಗೆ ಮಾತ್ರ ಅಂದಿದ್ದೆ."

"ಅವರು ಕೇಳಿದ್ರು. ಖಚಿತವಾಗಿ ಅಂದೆ ಕಣೇ, ಅಷ್ಟೇ. ಆ ಪದ ಗಮನಿಸು."

"ಗಮನಿಸ್ದೆ. ಆವತ್ತು ನಾನು ಪುಟ್ಟಿ ಬೆನ್ನು ಹಿಡ್ಕೊಂಡಾಗ ನೀನು ಪಕ್ಕದಲ್ಲೇ ಇದ್ದೆ ಅಕ್ಕ."

ಅದು ವಾದವೇ ಅಲ್ಲ. ಅವಳು ಇಳಿದು ಹೋದಳು. ಮ್ಯಾನೇಜರು ತಮ್ಮ ಕಾರಿನಲ್ಲಿ ನನ್ನನ್ನು ಅಂಗಳದವರೆಗೆ ಬಿಟ್ಟರು.

ಏಪ್ರಿಲ್ 9, ಬುಧವಾರ

ತಂಗಿ ಫೋನು ಎತ್ತಲಿಲ್ಲ. ಡ್ಯೂಟಿ ಇರಬೇಕು.

ಏಪ್ರಿಲ್ 25, ಶುಕ್ರವಾರ

ಆದೇಶ ರದ್ದಾಯಿತು. ಕುಲುಮೆ ಉರಿಯಬಹುದು, "ಉಪಉತ್ಪನ್ನಗಳ ಸದ್ಬಳಕೆಯನ್ನು ಗಮನದಲ್ಲಿಟ್ಟುಕೊಂಡು." ನನ್ನ ಮಾತೇ, ಸ್ವಲ್ಪ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಾರೆ. ಮ್ಯಾನೇಜರ್ ಸಾಹೇಬರು ಹೂವಿನ ಗುಚ್ಛ ಕಳಿಸಿದರು. ಅಂಗಳದಲ್ಲಿ ಅದನ್ನು ಇಡಲು ಪಾತ್ರೆ ಇರಲಿಲ್ಲ, ಬ್ಲಾಕು ನೆನೆಸುವ ತೊಟ್ಟಿಯಲ್ಲಿ ನಿಲ್ಲಿಸಿದೆ. ಸಂಜೆಯೊಳಗೆ ಬಾಡಿತು. ಕ್ಷಾರದ ನೀರಲ್ಲವೇ.

ಬೆಳಿಗ್ಗೆ ಕೋಣೆಯಿಂದ ಚಿಮಣಿ ನೋಡಿದೆ. ಹೆಚ್ಚಿನಂಶ ಬರೀ ಆವಿ. ಜನ ಬಿಳಿ ಕಂಡರೂ ಕಪ್ಪೆನ್ನುತ್ತಾರೆ.

ಮೇ 17, ಶನಿವಾರ

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ತಾರಸಿ ಹಾಕಿ ಆಯಿತು. ಗೋಡೆಗಳಿಗೆ ಗಾರೆ ಬೇಡವೆಂದು ಹಟ ಹಿಡಿದು ಹಾಗೇ ಬಿಡಿಸಿದ್ದೇನೆ. ಬೂದುನೀಲಿ ಬಣ್ಣ, ಎಲ್ಲೂ ಒಂದು ಬಿರುಕಿಲ್ಲ. ಪತ್ರಿಕೆಯವರು ಬಂದು ನನ್ನನ್ನೂ ಮ್ಯಾನೇಜರ್ ಸಾಹೇಬರನ್ನೂ ಗೋಡೆಗೆ ಒರಗಿಸಿ ಫೋಟೋ ತೆಗೆದರು. ನರ್ಸುಗಳೆಲ್ಲ ಕಾರಿಡಾರಿನಲ್ಲಿ ನಿಂತು ನೋಡಿದರು. ತಂಗಿ ಅವರಲ್ಲಿರಲಿಲ್ಲ. ಕೇಳಿದಾಗ ರಜೆ ಎಂದರು. ಪುಟ್ಟಿಯನ್ನು ಎಲ್ಲೋ ದೂರದ ಊರಿನ ಹಾಸ್ಟೆಲಿಗೆ ಸೇರಿಸಲು ಹೋಗಿದ್ದಾಳಂತೆ. ಅಷ್ಟು ಚಿಕ್ಕ ಮಗುವನ್ನು! ನನಗೊಂದು ಮಾತು ಹೇಳಲಿಲ್ಲ.

ದೊಡ್ಡವರ ಹಟಕ್ಕೆ ಮಕ್ಕಳು ಬಲಿ. ಇದನ್ನು ಅವಳಿಗೆ ಯಾರು ಹೇಳಬೇಕು.

ಜೂನ್ 10, ಮಂಗಳವಾರ

ವಾರದಿಂದ ಕಿಟ್ಟದ ಲಾರಿ ಬಂದಿರಲಿಲ್ಲ. ಕಾರ್ಖಾನೆಗೆ ನಾನೇ ಹೋದೆ. ಬೆಣ್ಣೆ ಕಾಯಿಸಿದ. ಹೊರಗಿನ ಕೋಣೆಯಲ್ಲಿ ನಮ್ಮ ಗೋಡೆಯ ಫೋಟೋ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದಾರೆ. ಅದರ ಕೆಳಗೇ ಕೂತಿದ್ದೆ.

ಒಳಗೆ ಕರೆದಾಗ ಅವನು ಎದ್ದು ನಿಂತು ನಕ್ಕ. ಎಲ್ಲ ಕಿಟ್ಟವನ್ನೂ ಸಿಮೆಂಟ್ ಕಂಪನಿಯೊಂದು ಕೊಂಡಿದೆ. ತಮ್ಮ ಸಿಮೆಂಟಿಗೇ ಅರೆದು ಬೆರೆಸಿ, ಚೀಲದ ಮೇಲೆ ಹಸಿರು ಎಲೆ ಬಿಡಿಸಿ ಮಾರುತ್ತಾರಂತೆ. ಮುಂದಿನ ಎಲ್ಲ ವರ್ಷಗಳಿಗೂ ಒಪ್ಪಂದ. ಒಂದು ಬುಟ್ಟಿಯೂ ಹೊರಗೆ ಹೋಗುವಂತಿಲ್ಲ.

"ನನಗೆ ಕೊಡ್ತೀನಿ ಅಂದಿದ್ರಿ."

"ಕಸ ಆಗಿದ್ರೆ ಖಂಡಿತ ಕೊಡ್ತಿದ್ದೆ ಮೇಡಂ. ಕಸ ಅಲ್ಲ ಅಂತ ನೀವೇ ಸಭೇಲಿ ಹೇಳಿದ್ರಲ್ಲ. ನಿಮ್ಮ ಹೇಳಿಕೇನೇ ನಾವು ಅವರಿಗೆ ಕಳಿಸಿದ್ದು. ತಕ್ಷಣ ಒಪ್ಪಿಬಿಟ್ರು."

"ನನ್ನಿಂದಲ್ವಾ ನಿಮ್ಮ ಕುಲುಮೆ ಉಳಿದಿದ್ದು!"

"ಅದನ್ನ ನಾವು ಯಾವತ್ತೂ ಮರೆಯಲ್ಲ" ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಹೊಳೆ ದಾಟಿದ ಮೇಲೆ ಅಂಬಿಗನಿಗೆ ಇಷ್ಟು ವಿನಯದಿಂದ ಕೈ ಬೀಸುವವರನ್ನು ನಾನು ಕಂಡಿರಲಿಲ್ಲ.

ವಾಪಸು ನಡೆದೇ ಬಂದೆ. ಚಿಮಣಿಯ ಹೊಗೆ ಇವತ್ತು ಎಷ್ಟು ಕಪ್ಪಾಗಿತ್ತು! ಓಣಿಯುದ್ದಕ್ಕೂ ಕಣ್ಣು ಉರಿ. ಮೊದಲೆಲ್ಲ ಇಷ್ಟಿರಲಿಲ್ಲವೇನೋ. ಯಾರಾದರೂ ಮಂಡಳಿಗೆ ದೂರು ಕೊಡಬಾರದೇ? ಈ ಜನಕ್ಕೆ ಬೆನ್ನುಮೂಳೆಯೇ ಇಲ್ಲ.

ಜೂನ್ 30, ಸೋಮವಾರ

ಅಂಗಳಕ್ಕೆ ಬೀಗ ಹಾಕಿದೆ. ಹೆಂಗಸರು ತಮ್ಮ ತಮ್ಮ ಕೈಗವಸು ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ಅಚ್ಚುಗಳು ಒಳಗಿವೆ, ಖಾಲಿ.

ಮೇಸ್ತ್ರಿ ಸಿಮೆಂಟ್ ಕಂಪನಿಯ ಅರೆಯುವ ಗಿರಣಿಗೆ ಸೇರಿದ್ದಾನೆ. ಹೇಳಿಹೋಗಲು ಬಂದವನು ನೆಲ ನೋಡುತ್ತ ನಿಂತಿದ್ದ. "ಹೋಗು, ಹೋಗು, ಉಣ್ಣಬೇಕಲ್ಲ" ಎಂದೆ. ಅವನ ಮಾತನ್ನೇ ಅವನಿಗೆ ಕೊಟ್ಟೆ ಎನ್ನಿಸಿ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅವನು ಕೆಮ್ಮುತ್ತ ಗೇಟು ದಾಟುವುದು ಕೇಳಿಸಿತು, ಬಹಳ ದೂರದವರೆಗೆ.

ನನಗೂ ಒಣಕೆಮ್ಮು ಶುರುವಾಗಿದೆ. ಕಿಟ್ಟದ ಧೂಳೋ, ಹೊಗೆಯೋ. ಖಚಿತವಾಗಿ ಹೇಳಲಾಗದು.

ಜುಲೈ 21, ಸೋಮವಾರ

ಕೆಮ್ಮು ಬಿಡದೆ ಕೊನೆಗೆ ಆಸ್ಪತ್ರೆಗೆ ಹೋದೆ. ನಿಜ ಹೇಳಬೇಕೆಂದರೆ ಕೆಮ್ಮು ನೆಪ. ತಂಗಿಯನ್ನು ನೋಡಿ ಮೂರು ತಿಂಗಳ ಮೇಲಾಗಿತ್ತು. ಹೊಸ ಕಟ್ಟಡದಲ್ಲಿ ಎದೆರೋಗದ ವಿಭಾಗವನ್ನೇ ತೆರೆದಿದ್ದಾರೆ. ಅಷ್ಟು ದೊಡ್ಡದು ಕಟ್ಟಿದರೂ ಆಗಲೇ ಸಾಲದು, ಕಾರಿಡಾರಿನಲ್ಲೂ ಮಂಚ. ಓಣಿಯ ಹೆಂಗಸರು ಕಂಡರು. ಅಚ್ಚು ತೊಳೆಯುತ್ತಿದ್ದವಳೊಬ್ಬಳು ಮಗುವನ್ನು ಎತ್ತಿಕೊಂಡು ನಮ್ಮ ಗೋಡೆಗೇ ಒರಗಿ ಕೂತಿದ್ದಳು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು. ಗೋಡೆ ಮುಟ್ಟಿ ನೋಡಿದೆ. ತಣ್ಣಗೆ, ಗಟ್ಟಿ.

ತಂಗಿ ಮೇಜಿನ ಹಿಂದೆ ಕೂತಿದ್ದಳು. ಸ್ವಲ್ಪ ಇಳಿದಿದ್ದಾಳೆ. ಕೂದಲು ಬಿಗಿಯಾಗಿ ಕಟ್ಟಿದ್ದಳು. ನನ್ನ ಸರದಿ ಬಂದಾಗ ಎದುರು ನಿಂತೆ. ತಲೆಯೆತ್ತಿ ನೋಡಿದಳು. ಪೆನ್ನು ತೆಗೆದುಕೊಂಡಳು.

"ಹೆಸರು ಹೇಳಿ."

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಪೆನ್ನು ಹಿಡಿದು ಕಾಯುತ್ತಲೇ ಇದ್ದಳು. ಹಿಂದೆ ಸಾಲಿತ್ತು. ಹೇಳಿದೆ. ಬರೆದುಕೊಂಡಳು.

"ವಯಸ್ಸು?"

ಅದನ್ನೂ ಹೇಳಿದೆ. "ಎಷ್ಟು ದಿನದಿಂದ ಕೆಮ್ಮು? ರಾತ್ರಿ ಹೆಚ್ಚಾಗುತ್ತಾ? ನೀವು ಧೂಳಿನ ಕೆಲಸ ಮಾಡ್ತೀರಾ?" ಒಂದೊಂದಾಗಿ ಕೇಳಿದಳು, ಒಂದೊಂದಾಗಿ ಬರೆದಳು. ಅಕ್ಷರ ಈಗಲೂ ಗುಂಡಗೆ. ಚಿಕ್ಕಂದಿನಲ್ಲಿ ಕೈ ಹಿಡಿದು ತಿದ್ದಿಸಿದವಳು ನಾನೇ.

"ಪುಟ್ಟಿ ಹೇಗಿದಾಳೆ?" ಎಂದೆ.

"ಚೆನ್ನಾಗಿದಾಳೆ. ಅಲ್ಲಿ ಓಡ್ತಾಳಂತೆ." ಚೀಟಿ ಹರಿದು ಕೊಟ್ಟಳು. "ಆ ಬೆಂಚಿನ ಮೇಲೆ ಕೂತಿರಿ, ಡಾಕ್ಟರು ಕರೀತಾರೆ."

ಮನೆಗೆ ಬಂದ ಮೇಲೂ ಮನಸ್ಸು ಹಗುರವಾಗಿದೆ. ಗಲಾಟೆ ಮಾಡುತ್ತಾಳೆ, ಮುಖ ತಿರುಗಿಸುತ್ತಾಳೆ ಎಂದೆಲ್ಲ ಹೆದರಿದ್ದೆ. ಏನೂ ಇಲ್ಲ. ನಾಲ್ಕು ಜನರೆದುರು ಎಷ್ಟು ಮರ್ಯಾದೆಯಿಂದ ಮಾತಾಡಿಸಿದಳು! ಕೋಪ ಇಳಿದಿದೆ. ರಕ್ತಸಂಬಂಧ ಎಲ್ಲಿ ಹೋಗುತ್ತದೆ. ಔಷಧಿ ತೆಗೆದುಕೊಂಡು ಹೊರಟಾಗ ತಾನಾಗಿಯೇ ಹೇಳಿದಳು: "ಮುಂದಿನ ಸೋಮವಾರ ಮತ್ತೆ ಬನ್ನಿ."

ಅವಳೇ ಬಾಯಿಬಿಟ್ಟು ಕರೆದದ್ದು ಎಷ್ಟು ದಿನದ ಮೇಲೆ.